ಹತ್ತುಮೀನು ಮತ್ತು ಮೈಲುತುತ್ತ

ಮುಂಗಾರಿನ ಮೊದಲ ನೆರೆಗೆ ಮಲೆನಾಡಿನ ಹೊಳೆಗಳಿಂದ ಹಳ್ಳ, ಗದ್ದೆಗಳತ್ತ ಹತ್ತುಮೀನು ಏರುವುದು ಮೊಟ್ಟೆಯಿಡಲೆಂದು. ಹಳ್ಳದ ಅಡ್ಡಗಲಕ್ಕೂ ಕೂಣಿ ಒಡ್ಡಿದರೆ ಮುಂದಿನ ಪೀಳಿಗೆಯೇ ಬುಟ್ಟಿ ಸೇರುತ್ತದೆ.

ಆದರೆ ಕೂಣಿಯನ್ನಷ್ಟೇ ದೂರುವುದು ನ್ಯಾಯವಲ್ಲ. ಮರಿಗಳು ಹಳ್ಳದಲ್ಲಿರುವಾಗಲೇ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣದ ಸಿಂಪಡಣೆ ನಡೆಯುತ್ತದೆ: 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಅದಿಲ್ಲದೆ ಫಸಲು ಉಳಿಯದು, ನಿಜ. ಆದರೆ ತಾಮ್ರವು ಅತ್ಯಲ್ಪ ಪ್ರಮಾಣದಲ್ಲಿಯೂ ಮೀನಿನ ಕಿವಿರುಗಳನ್ನು ಕೆಡಿಸುತ್ತದೆ. ಸುಣ್ಣದಂಶ ಕಡಿಮೆಯಿರುವ ಮಲೆನಾಡಿನ ಮೆದು ನೀರಿನಲ್ಲಿ ಅದರ ವಿಷ ಇನ್ನೂ ತೀಕ್ಷ್ಣ. ತೋಟಕ್ಕೆ ಬಿದ್ದ ತಾಮ್ರದ ಬಹುಪಾಲನ್ನು ಮಣ್ಣು ಹಿಡಿದಿಡುತ್ತದೆ. ಹಳ್ಳಕ್ಕೆ ನೇರವಾಗಿ ಇಳಿಯುವುದು ಡ್ರಮ್ಮು, ಪಂಪು ತೊಳೆದ ನೀರು ಮತ್ತು ಚೆಲ್ಲಿದ ದ್ರಾವಣ. ಅವನ್ನು ಹಳ್ಳದಿಂದ ದೂರ, ತೋಟದೊಳಗೇ ತೊಳೆಯಲು ಖರ್ಚೇನಿಲ್ಲ. ಕೂಣಿಯ ಪಕ್ಕ ಅರ್ಧ ಹಳ್ಳವನ್ನು ತೆರೆದಿಡುವುದಕ್ಕೂ ಇಲ್ಲ.