ದನಿ ಕೇಳಿ ಗುರುತಿಸುವ ಕಾಲ ಹೋಯಿತು

(ಕಣಗಲಾದ ರೈತರ ಸಭೆಯಲ್ಲಿ ಮಾಡಿದ ಭಾಷಣ)



ಕಬ್ಬು, ಸೋಯಾಬೀನ್ ಬಿಟ್ಟು ಕಂಪ್ಯೂಟರಿನ ಮಾತೇಕೆ ಎಂದು ನಿಮಗೆ ಅನಿಸಬಹುದು. ಕಬ್ಬಿನ ಬಿಲ್ಲು ಈಗ ಖಾತೆಗೆ ಬರುತ್ತದೆ, ಖಾತೆ ಫೋನಿನೊಳಗಿದೆ. ಅದೇ ಕಾರಣ.

ಕೃತಕ ಬುದ್ಧಿಮತ್ತೆಯಿಂದ ಕಂಪ್ಯೂಟರ್ ಜಾಲಗಳ ಭದ್ರತೆಗೆ ಇರುವ ಅಪಾಯದ ಬಗ್ಗೆ ಎಲ್ಲೆಡೆ ಚರ್ಚೆ ನಡೆದಿದೆ. 2023ರ ನವೆಂಬರಿನಲ್ಲಿ ಇಂಗ್ಲೆಂಡಿನ ಬ್ಲೆಚ್ಲಿ ಪಾರ್ಕಿನಲ್ಲಿ ಭಾರತವೂ ಸೇರಿ 28 ದೇಶಗಳು ಒಪ್ಪಿದ ಘೋಷಣೆಯಲ್ಲಿ ಇದರ ಪ್ರಸ್ತಾಪವಿದೆ. ಕಳ್ಳನ ಕೆಲಸವನ್ನು ಯಂತ್ರವೇ ಮಾಡಿಕೊಡುತ್ತಿದೆ, ಕಡಿವಾಣ ಬೇಕು ಎಂಬುದು ಒಂದು ವಾದ. ಬ್ಯಾಂಕಿನ ತಂತ್ರಾಂಶದಲ್ಲಿರುವ ಬಿರುಕನ್ನು ಕಳ್ಳನಿಗಿಂತ ಮೊದಲು ಹುಡುಕಲೂ ಇದೇ ಯಂತ್ರ ಬೇಕು ಎಂಬುದು ಇನ್ನೊಂದು. ಎರಡರಲ್ಲೂ ಹುರುಳಿದೆ. ಆದರೆ ಬ್ಯಾಂಕಿನ ಗೋಡೆ ಕಾಯಲು ಬ್ಯಾಂಕಿನವರಿದ್ದಾರೆ; ನಿಮ್ಮ ಕಿವಿಯನ್ನು ನೀವೇ ಕಾಯಬೇಕು. ದೊಡ್ಡವರ ಚರ್ಚೆಯಲ್ಲಿ ಈ ಮಾತು ಸಾಲದೆಂಬುದು ನನ್ನ ದೂರು.

ಕಣಗಲಾ ಗಡಿಯ ಸಮೀಪದ ಊರು. ಇಲ್ಲಿ ಕನ್ನಡವೂ ನಡೆಯುತ್ತದೆ, ಮರಾಠಿಯೂ ನಡೆಯುತ್ತದೆ. ಇದುವರೆಗೆ ಮೋಸದ ಕರೆ ಬಂದರೆ ಭಾಷೆಯೇ ಕಳ್ಳನನ್ನು ಹಿಡಿದುಕೊಡುತ್ತಿತ್ತು: ಅರೆಬರೆ ಹಿಂದಿ, ಅಕ್ಷರ ತಪ್ಪಿದ ಸಂದೇಶ. ಈಗ ಯಂತ್ರವು ಎರಡೂ ಭಾಷೆಗಳಲ್ಲಿ ನೀಟಾಗಿ ಬರೆದುಕೊಡುತ್ತದೆ. ದನಿಯೂ ಅಷ್ಟೇ. 2023ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಕೇವಲ 3 ಸೆಕೆಂಡಿನ ಮಾದರಿಯಿಂದ ಒಬ್ಬರ ದನಿಯನ್ನು ಅನುಕರಿಸುವ ವಿಧಾನ ಪ್ರಕಟಿಸಿದರು. ಅದೇ ವರ್ಷ ಡಿಸೆಂಬರಿನಲ್ಲಿ ಇನ್ಫೋಸಿಸ್‌ನ ನಾರಾಯಣ ಮೂರ್ತಿಯವರು, ತಮ್ಮ ಹೆಸರಿನಲ್ಲಿ ಹಣ ಹೂಡಲು ಕರೆಯುವ ವಿಡಿಯೋಗಳು ನಕಲಿ ಎಂದು ಬಹಿರಂಗವಾಗಿ ಎಚ್ಚರಿಸಬೇಕಾಯಿತು. ಕಂಪ್ಯೂಟರ್ ಉದ್ಯಮ ಕಟ್ಟಿದವರಿಗೇ ಈ ಗತಿ!

ಆದ್ದರಿಂದ ಪುಣೆಯಲ್ಲಿರುವ ಮಗನ ದನಿಯಲ್ಲಿ "ಅಪಘಾತವಾಗಿದೆ, ಕೂಡಲೇ ಹಣ ಹಾಕು" ಎಂದು ಹೊಸ ನಂಬರಿನಿಂದ ಕರೆ ಬಂದರೆ, ಇಟ್ಟುಬಿಡಿರಿ. ಅವನ ಹಳೆಯ ನಂಬರಿಗೆ ನೀವೇ ಕರೆ ಮಾಡಿರಿ. ಮನೆಯವರಿಗಷ್ಟೇ ಗೊತ್ತಿರುವ ಒಂದು ಗುಟ್ಟಿನ ಮಾತನ್ನು ಮೊದಲೇ ಗೊತ್ತುಮಾಡಿಕೊಂಡಿರುವುದು ಇನ್ನೂ ಒಳ್ಳೆಯದು. ಎತ್ತಿನ ಹೆಸರಾದರೂ ಆದೀತು.

ಪಿ.ಎಂ. ಕಿಸಾನ್ ಕಂತಿನ ಹೆಸರಿನಲ್ಲಿ ವಾಟ್ಸಾಪಿಗೆ ಬರುವ, ಕೊನೆಯಲ್ಲಿ ಎ.ಪಿ.ಕೆ. ಎಂದಿರುವ ಕಡತವನ್ನು ಒತ್ತಲೇಬಾರದು. ಅದನ್ನು ಫೋನಿಗೆ ಹಾಕಿಕೊಂಡು ಕೇಳಿದ ಅನುಮತಿ ಕೊಟ್ಟರೆ, ನಿಮಗೆ ಬರುವ ಒ.ಟಿ.ಪಿ. ಸಂದೇಶ ಕಳ್ಳನಿಗೂ ಕಾಣುತ್ತದೆ.

ಹಣ ಹೋದರೆ ಮರ್ಯಾದೆಗೆ ಅಂಜಿ ಮುಚ್ಚಿಡಬೇಡಿರಿ. ಕೂಡಲೇ 1930ಕ್ಕೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಿರಿ. ಹಣ ಮುಂದಿನ ಖಾತೆಗಳಿಗೆ ದಾಟುವ ಮೊದಲಾದರೆ ತಡೆಹಿಡಿಯಲು ಅವಕಾಶವಿರುತ್ತದೆ. ಈ ನಂಬರನ್ನು ಫೋನಿನಲ್ಲಷ್ಟೇ ಇಡದೆ ಮನೆಯ ಗೋಡೆಯ ಮೇಲೂ ಬರೆದಿಡಿರಿ. ಫೋನೇ ಕೈಕೊಟ್ಟ ದಿನ ನೆರೆಯವರ ಫೋನಿನಿಂದ ಕರೆ ಮಾಡಬೇಕಾದೀತು.