ಮಕ್ಕಳ ಆಟದ ಬಯಲು ಮತ್ತು ಊರವರ ಶ್ರಮದಾನ

(ಸಂಸ್ಥೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಮಾಡಿದ ಭಾಷಣ)



ಕೊಲ್ಲಾಪುರ, ಇಚಲಕರಂಜಿ, ಗಡಹಿಂಗ್ಲಜಗಳ ಕನ್ನಡಿಗರು ಒಂದೆಡೆ ಕಲೆಯುವ ಪ್ರಸಂಗಗಳು ವಿರಳ. ಇಂಥ ಸಮಯದಲ್ಲಿ ನುಡಿಯ ಹಿರಿಮೆಯನ್ನು ಕುರಿತೋ ಪೂರ್ವಜರ ಕೀರ್ತಿಯನ್ನು ಕುರಿತೋ ಮಾತನಾಡುವುದು ರೂಢಿ. ಆ ಮಾತನ್ನು ನಮಗಿಂತ ಚೆನ್ನಾಗಿ ಆಡಬಲ್ಲ ವಿದ್ವಾಂಸರು ಈ ವೇದಿಕೆಯ ಮೇಲಿದ್ದಾರೆ. ನಾವಾದರೋ ಇಂದು ಮಣ್ಣು, ಗುದ್ದಲಿ, ಬುಟ್ಟಿಗಳ ವಿಷಯವನ್ನು ಎತ್ತಿಕೊಂಡಿದ್ದೇವೆ. ನಮ್ಮ ಮಕ್ಕಳಿಗೆ ಆಟದ ಬಯಲು ಬೇಕು; ಅದನ್ನು ನಾವೇ ಕೈಯಾರೆ ಸಿದ್ಧಪಡಿಸಬೇಕು; ಸಿದ್ಧವಾದ ಮೇಲೆ ಅದು ಇಡೀ ಓಣಿಯ ಮಕ್ಕಳಿಗೆಲ್ಲ ತೆರೆದಿರಬೇಕು. ಈ ಮೂರು ಮಾತುಗಳನ್ನು ತಮ್ಮಲ್ಲಿ ಬಿನ್ನವಿಸಿಕೊಳ್ಳುವುದೇ ನಮ್ಮ ಉದ್ದೇಶ.

ಚಿಣಿಪಣಿ, ಲಗೋರಿ, ಬಗರಿ, ಕುಂಟಾಟ, ಹುತುತು, ಖೊಖೊ ಮೊದಲಾದ ನಮ್ಮ ಆಟಗಳಲ್ಲಿ ಹಣ ಬೇಡುವ ಆಟ ಒಂದೂ ಇಲ್ಲ. ಒಡೆದ ಹಂಚಿನ ಚೂರು, ಒಂದು ಕೋಲು, ನಾಲ್ಕು ಜನ ಗೆಳೆಯರು ಇದ್ದರಾಯಿತು. ಅವು ಬೇಡುವುದು ಒಂದನ್ನೇ, ಅದು ನೆಲ. ಆ ನೆಲವೇ ಈಗ ಕೈಬಿಟ್ಟು ಹೋಗುತ್ತಿದೆ. ಇಚಲಕರಂಜಿಯನ್ನೇ ನೋಡಿರಿ. 1904 ರಲ್ಲಿ ವಿಠ್ಠಲರಾವ್ ದಾತಾರರು ಅಲ್ಲಿ ಮೊದಲ ಯಂತ್ರಮಗ್ಗವನ್ನು ಹೂಡಿದರು. ಆ ಒಂದು ಮಗ್ಗದ ಸಂತತಿಯಿಂದ ಊರು ಬೆಳೆದು 2022 ರಲ್ಲಿ ಮಹಾನಗರಪಾಲಿಕೆಯಾಯಿತು. ಸಾವಿರಾರು ಸಂಸಾರಗಳಿಗೆ ಅದು ಅನ್ನ ಕೊಟ್ಟಿತು. ಕನ್ನಡ ನಾಡಿನಿಂದ ಹೊಟ್ಟೆಪಾಡಿಗಾಗಿ ಬಂದವರೂ ಅವರಲ್ಲಿದ್ದಾರೆ. ಆದರೆ ಮಗ್ಗದ ಸಾಲುಗಳು ಒತ್ತಿಕೊಂಡು ಬಂದಂತೆ ಅವುಗಳ ನಡುವಣ ಬಯಲು ಕರಗಿತು. ಇಂದು ಕಾರ್ಮಿಕನ ಮಗು ನೂಲಿನ ಬಂಡಿ ಮತ್ತು ಮೋಟಾರುಗಳ ನಡುವೆ ಓಣಿಯಲ್ಲಿ ಆಡುತ್ತದೆ, ಇಲ್ಲವೆ ಮನೆಯ ಮೂಲೆಯಲ್ಲಿ ಮೊಬೈಲಿನ ಮುಂದೆ ಕುಳಿತಿರುತ್ತದೆ.

ಆಟವು ಮಗುವಿಗೆ ದೊಡ್ಡವರು ಕೊಡುವ ಬಹುಮಾನವಲ್ಲ, ಅದರ ಹಕ್ಕು. 1989 ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 31 ನೆಯ ವಿಧಿ ವಿಶ್ರಾಂತಿಯ ಮತ್ತು ಆಟದ ಹಕ್ಕನ್ನು ಸ್ಪಷ್ಟವಾಗಿ ಹೇಳುತ್ತದೆ; ಭಾರತವು 1992 ರಲ್ಲಿ ಅದಕ್ಕೆ ಸಮ್ಮತಿಸಿತು. 2009 ರ ಶಿಕ್ಷಣ ಹಕ್ಕಿನ ಕಾಯ್ದೆಯು ಶಾಲೆಗೆ ಇರಲೇಬೇಕಾದ ಅನುಕೂಲತೆಗಳ ಪಟ್ಟಿಯಲ್ಲಿ ಆಟದ ಮೈದಾನವನ್ನೂ ಸೇರಿಸಿದೆ. ಆದರೆ ಕಾಯ್ದೆಯು ಬಯಲನ್ನು ಅಪೇಕ್ಷಿಸಬಲ್ಲುದೇ ಹೊರತು ಅದರೊಳಗಿನ ಕಲ್ಲನ್ನು ಆರಿಸಲಾರದು. ಅದಕ್ಕೆ ಮನುಷ್ಯರ ಕೈಗಳೇ ಬೇಕು.

ಈ ವಿಚಾರವು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ರಾಜರ್ಷಿ ಶಾಹು ಮಹಾರಾಜರು 1917 ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಉಚಿತ ಹಾಗೂ ಕಡ್ಡಾಯವೆಂದು ಸಾರಿದರೆಂಬುದನ್ನು ನಾವೆಲ್ಲ ಹೆಮ್ಮೆಯಿಂದ ಸ್ಮರಿಸುತ್ತೇವೆ. ಅದೇ ಪ್ರಭುಗಳು ಅದಕ್ಕೂ ಮೊದಲೇ, 1912 ರಲ್ಲಿ, ಖಾಸಬಾಗದ ಕುಸ್ತಿಯ ಮೈದಾನವನ್ನು ಕಟ್ಟಿಸಿದ್ದರು. ಸುಮಾರು 30,000 ಜನ ಕುಳಿತು ನೋಡಬಹುದಾದ ಆ ಬಯಲು ಇಂದಿಗೂ ನಗರದ ನಡುವೆ ಇದೆ. ಅಕ್ಷರಕ್ಕೂ ಅಂಗಸಾಧನೆಗೂ ಅವರು ಸಮನಾದ ಸ್ಥಾನವನ್ನು ಕೊಟ್ಟರು. ಖಾಸಬಾಗವನ್ನು ಅರಸರು ಕಟ್ಟಿಸಿದರು. ಆದರೆ ಕೊಲ್ಲಾಪುರದ ಪೇಟೆ ಪೇಟೆಯ ತಾಲೀಮುಗಳನ್ನು ಉಳಿಸಿಕೊಂಡು ಬಂದವರು ಆಯಾ ಪೇಟೆಯ ಜನರೇ. ಪಾಟಾಕಡೀಲ್, ದಿಲ್‌ಬಹಾರ್, ಬಾಲಗೋಪಾಲ, ಖಂಡೋಬಾ ಎಂಬ ತಾಲೀಮುಗಳ ಹೆಸರಿನಲ್ಲಿಯೇ ಇಂದು ಫುಟ್‌ಬಾಲ್ ತಂಡಗಳು ಆಡುತ್ತಿವೆ. ಕುಸ್ತಿಯ ಮಣ್ಣಿನಿಂದ ಹುಟ್ಟಿದ ಸಂಘಟನೆಯು ಚೆಂಡಿನಾಟಕ್ಕೂ ಆಸರೆಯಾಯಿತು. ಗಡಹಿಂಗ್ಲಜವು ಸಣ್ಣ ಊರಾದರೂ ಫುಟ್‌ಬಾಲಿನಿಂದ ದೂರದವರೆಗೆ ಹೆಸರಾಯಿತೆಂದರೆ, ಅಲ್ಲಿಯ ಜನರು ಆಟದ ಮೈದಾನವನ್ನು ತಮ್ಮದೆಂದು ತಿಳಿದುದೇ ಅದಕ್ಕೆ ಕಾರಣ.

ಸ್ವತಂತ್ರ ಭಾರತಕ್ಕೆ ವೈಯಕ್ತಿಕ ಸ್ಪರ್ಧೆಯಲ್ಲಿ ಮೊದಲ ಒಲಿಂಪಿಕ್ ಪದಕವನ್ನು 1952 ರಲ್ಲಿ ಹೆಲ್ಸಿಂಕಿಯಿಂದ ತಂದ ಕುಸ್ತಿಪಟು ಖಾಶಾಬಾ ಜಾಧವರು ಕೊಲ್ಲಾಪುರದ ರಾಜಾರಾಮ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. ಅವರ ಪ್ರಯಾಣದ ವೆಚ್ಚಕ್ಕಾಗಿ ಆ ಕಾಲೇಜಿನ ಪ್ರಾಚಾರ್ಯ ಖರ್ಡೇಕರರು ತಮ್ಮ ಮನೆಯನ್ನೇ ಒತ್ತೆಯಿಟ್ಟು 7,000 ರೂಪಾಯಿಗಳನ್ನು ಒದಗಿಸಿದರು. ಉಳಿದುದನ್ನು ಜನರು ವಂತಿಗೆ ಎತ್ತಿದರು. ಮನೆ ಒತ್ತೆಯಿಡಿರೆಂದು ನಾವು ಇಂದು ಯಾರನ್ನೂ ಕೇಳುವುದಿಲ್ಲ. ನಾವು ಬೇಡುವುದು ದಿನಕ್ಕೆ ಎರಡು ಗಂಟೆಯ ಬೆವರನ್ನು.

ಸ್ವಯಂಸೇವೆಯ ಪಾಠವಂತೂ ನಮ್ಮ ಕನ್ನಡಿಗರಿಂದಲೇ ದೇಶಕ್ಕೆ ದೊರೆತುದೆಂದರೆ ಅತಿಶಯವಾಗದು. ಧಾರವಾಡದಲ್ಲಿ ಜನಿಸಿದ ಡಾ. ನಾ. ಸು. ಹರ್ಡೀಕರರು 1923 ರಲ್ಲಿ ಹಿಂದುಸ್ತಾನಿ ಸೇವಾದಳವನ್ನು ಸ್ಥಾಪಿಸಿ, ಹುಬ್ಬಳ್ಳಿಯನ್ನು ಕೇಂದ್ರವಾಗಿಸಿಕೊಂಡು, ತರುಣರಿಗೆ ಕವಾಯತು, ವ್ಯಾಯಾಮ, ಶಿಸ್ತುಗಳ ಶಿಕ್ಷಣವನ್ನು ಕೊಟ್ಟರು. ಗಡಹಿಂಗ್ಲಜದ ಪಕ್ಕದಲ್ಲಿ ಹರಿಯುವ ನಮ್ಮ ಹಿರಣ್ಯಕೇಶಿಯು ಮುಂದೆ ಹೋಗಿ ಸೇರುವುದು ಘಟಪ್ರಭೆಯನ್ನು. ಆ ಘಟಪ್ರಭೆಯೇ ಹರ್ಡೀಕರರ ಸೇವೆಯ ಇನ್ನೊಂದು ನೆಲೆಯಾಯಿತು. ಆ ಪರಂಪರೆ ನಮ್ಮ ನೆರೆಯದೇ ಆಗಿದೆ.

ಅದು ಹಳೆಯ ಕಾಲದ ಮಾತಾಯಿತು, ಈಗಿನವರು ಗುದ್ದಲಿ ಹಿಡಿದಾರೆಯೇ ಎಂದು ಕೆಲವರು ಸಂಶಯಪಡಬಹುದು. ಅಂಥವರು ಸಾತಾರಾ ಜಿಲ್ಲೆಯ ಕೋರೇಗಾಂವ ತಾಲೂಕಿನ ವೇಳೂ ಎಂಬ ಹಳ್ಳಿಯನ್ನು ನೆನೆಯಬೇಕು. 2016 ರ ಬೇಸಗೆಯಲ್ಲಿ ಪಾನಿ ಫೌಂಡೇಶನ್ ನಡೆಸಿದ ಜಲಸಂರಕ್ಷಣೆಯ ಸ್ಪರ್ಧೆಯಲ್ಲಿ ಆ ಊರಿನ ಜನರು ಶ್ರಮದಾನದಿಂದ ಒಡ್ಡು ಹಾಕಿ, ಗುಂಡಿ ತೋಡಿ, ಮೊದಲ ಸ್ಥಾನವನ್ನು ಪಡೆದರು. ಮಳೆನೀರಿಗೆ ತಾಣ ಮಾಡಿಕೊಟ್ಟ ಕೈಗಳು ಮಕ್ಕಳಿಗೆ ತಾಣ ಮಾಡಿಕೊಡಲಾರವೆ?

ಹೊರನಾಡುಗಳ ಅನುಭವವೂ ಇದನ್ನೇ ಹೇಳುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಹಾಳಾದ ಆಮ್‌ಸ್ಟರ್‌ಡಾಮ್ ನಗರದಲ್ಲಿ ಆಲ್ಡೊ ವಾನ್ ಐಕ್ ಎಂಬ ಶಿಲ್ಪಿಯು 1947 ರಿಂದ 1978 ರ ವರೆಗೆ 700 ಕ್ಕೂ ಹೆಚ್ಚು ಆಟದ ತಾಣಗಳನ್ನು ರಚಿಸಿದನು. ನಮ್ಮ ಬೀದಿಗೂ ಒಂದು ಬೇಕೆಂದು ನಾಗರಿಕರೇ ನಗರಸಭೆಗೆ ಪತ್ರ ಬರೆಯುತ್ತಿದ್ದರು. ಎರಡು ಮನೆಗಳ ನಡುವಣ ಪಾಳು ಜಾಗವೂ ಸಾಕಾಗುತ್ತಿತ್ತೆಂಬುದು ಇಚಲಕರಂಜಿಯ ಬಂಧುಗಳು ಗಮನಿಸತಕ್ಕ ಮಾತು. ಅಮೆರಿಕದ ವಾಷಿಂಗ್ಟನ್ನಿನಲ್ಲಿ 1995 ರಲ್ಲಿ, ಆಡಲು ಬೇರೆ ಜಾಗವಿಲ್ಲದೆ ಪಾಳುಬಿದ್ದ ಮೋಟಾರಿನೊಳಗೆ ಆಡುತ್ತಿದ್ದ ಇಬ್ಬರು ಮಕ್ಕಳು ಉಸಿರುಗಟ್ಟಿ ಮಡಿದರು. ಆ ಸುದ್ದಿಯನ್ನೋದಿ ಮನಕರಗಿದ ಡ್ಯಾರೆಲ್ ಹ್ಯಾಮಂಡ್ ಎಂಬ ತರುಣನು ‘ಕಬೂಮ್’ ಎಂಬ ಸಂಸ್ಥೆಯನ್ನು ಕಟ್ಟಿದನು. ಮೊದಲು ಮಕ್ಕಳಿಂದಲೇ ತಮ್ಮ ಬಯಲಿನ ಚಿತ್ರ ಬರೆಯಿಸುವುದು, ಅನಂತರ ಓಣಿಯವರೆಲ್ಲ ಕೂಡಿ ಒಂದೇ ದಿನದಲ್ಲಿ ಅದನ್ನು ಕಟ್ಟಿ ಮುಗಿಸುವುದು ಅವರ ಪದ್ಧತಿ. ನಮ್ಮ ಬೆಂಗಳೂರಿನಲ್ಲಿಯೂ ಪೂಜಾ ರೈ ಎಂಬ ತರುಣ ವಾಸ್ತುಶಿಲ್ಪಿಯ ‘ಆಂಟ್‌ಹಿಲ್ ಕ್ರಿಯೇಷನ್ಸ್’ ಸಂಸ್ಥೆಯು ಬೀಸಾಡಿದ ಟಾಯರುಗಳಿಗೆ ಬಣ್ಣ ಹಚ್ಚಿ, ಸ್ವಯಂಸೇವಕರ ನೆರವಿನಿಂದ, ದೇಶದ ಹಲವೆಡೆ ನೂರಾರು ಆಟದ ತಾಣಗಳನ್ನು ನಿರ್ಮಿಸಿದೆ.

ಕೂಲಿ ಕೊಟ್ಟು ಗುತ್ತಿಗೆದಾರನಿಂದ ಮಾಡಿಸಬಾರದೇಕೆ ಎಂಬ ಪ್ರಶ್ನೆ ಸಹಜವಾದುದೇ. ಹಣವಿದ್ದರೆ ಮಾಡಿಸಲಿ, ತಪ್ಪೇನಿಲ್ಲ. ಆದರೆ ಅನುದಾನದಿಂದ ಬಂದ ಜೋಕಾಲಿಯ ಸರಪಳಿ ಕಡಿದರೆ, ಇನ್ನೊಂದು ಅನುದಾನ ಬರುವವರೆಗೆ ಅದು ಹಾಗೆಯೇ ನೇತಾಡುತ್ತದೆ. ತಾನು ಕಲ್ಲು ಆರಿಸಿದ ನೆಲದಲ್ಲಿ ಯಾರಾದರೂ ಕಸ ಚೆಲ್ಲಿದರೆ, ಆರಿಸಿದವನು ಸುಮ್ಮನಿರಲಾರನು. ಶ್ರಮದಾನದಿಂದ ಉಳಿಯುವ ಹಣ ಸ್ವಲ್ಪವೇ. ಅದರಿಂದ ದೊರೆಯುವ ಕಾವಲುಗಾರರು ಅನೇಕ.

ಇನ್ನು ಕೆಲಸದ ರೀತಿಯನ್ನು ಕುರಿತು ಎರಡು ಮಾತು. ಮೊದಲು ನೆಲದ ಹಕ್ಕು ನಿರ್ಣಯವಾಗತಕ್ಕದ್ದು. ಗಡಹಿಂಗ್ಲಜದ ಪೂರ್ವಕ್ಕೆ ನೂಲ, ಹಲಕರ್ಣಿಗಳ ಕಡೆಗೆ ಕನ್ನಡ ಕೇಳಿಬರುವ ಹಳ್ಳಿಗಳಲ್ಲಿ ಗಾವಠಾಣ, ಗಾಯರಾಣದ ಜಾಗಗಳಿರಬಹುದು. ಆದರೆ ಅವು ಸಾರ್ವಜನಿಕ ಸ್ವತ್ತು. ಇಂಥ ಜಾಗಗಳ ಅತಿಕ್ರಮಣವನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯವು 2011 ರ ಜನವರಿಯಲ್ಲಿ ಎಲ್ಲ ರಾಜ್ಯಗಳಿಗೆ ಆದೇಶಿಸಿದೆ. ಆದುದರಿಂದ ಗ್ರಾಮಸಭೆಯ ಠರಾವು ಮತ್ತು ಅಧಿಕಾರಿಗಳ ಲಿಖಿತ ಅನುಮತಿಯಿಲ್ಲದೆ ಒಂದು ಬುಟ್ಟಿ ಮಣ್ಣನ್ನೂ ಎತ್ತಬಾರದು. ನೆತ್ತಿಯ ಮೇಲೆ ವಿದ್ಯುತ್ ತಂತಿ, ಮಗ್ಗುಲಲ್ಲಿ ತೆರೆದ ಬಾವಿ ಇರುವ ಜಾಗ ಬೇಡವೇ ಬೇಡ. ಪಂಚಗಂಗೆಯ ದಂಡೆಯವರು 2019 ಮತ್ತು 2021 ರ ಮಹಾಪೂರಗಳನ್ನು ನೆನೆದು ನೀರು ಏರದ ಜಾಗವನ್ನು ಆರಿಸಬೇಕು.

ಕೆಲಸಕ್ಕೆ ಸುಗ್ಗಿ ಮುಗಿದ ಮೇಲಿನ, ಮಿರಗದ ಮಳೆಗೆ ಮುಂಚಿನ ಕಾಲವೇ ಉತ್ತಮ. ನಮ್ಮ ಎರೆಮಣ್ಣು ಬೇಸಗೆಯಲ್ಲಿ ಬಿರಿಯುತ್ತದೆ, ಮಳೆಗಾಲದಲ್ಲಿ ಕಾಲನ್ನು ಹಿಡಿಯುತ್ತದೆ. ಅದರ ಮೇಲೆ ನಾಲ್ಕಾರು ಅಂಗುಲ ಗರಸು ಹಾಸಿ, ನೀರು ಚಿಮುಕಿಸಿ, ದಮ್ಮಸು ಹಾಕಬೇಕು. ನೂರು ಅಡಿಗೆ ಒಂದು ಅಡಿಯಷ್ಟು ಇಳಿಜಾರು ಇರಿಸಿ, ಅಂಚಿನಲ್ಲಿ ಕಾಲುವೆ ತೆಗೆದರೆ ನೀರು ನಿಲ್ಲದು. ಜೋಕಾಲಿಯ ಕೆಳಗೆ ಮಾತ್ರ ಗಟ್ಟಿ ನೆಲ ಕೂಡದು. ಅಲ್ಲಿ ಒಂದು ಅಡಿ ಆಳಕ್ಕೆ ಮರಳು ತುಂಬಬೇಕು. ಜೋಕಾಲಿ ತೂಗುವ ಎತ್ತರದ ಎರಡರಷ್ಟು ಜಾಗ ಅದರ ಮುಂದೆಯೂ ಹಿಂದೆಯೂ ತೆರವಾಗಿರಬೇಕು. ಹಳೆಯ ಟಾಯರು ಬಳಸುವವರು ಒಳಗಿನ ತಂತಿ ಹೊರಬಿದ್ದುದನ್ನು ಬಿಡಬೇಕು. ಒಳ್ಳೆಯದಕ್ಕೂ ತಳದಲ್ಲಿ ತೂತು ಕೊರೆಯಬೇಕು. ಇಲ್ಲವಾದರೆ ಮಳೆನೀರು ನಿಂತು ಡೆಂಗ್ಯೂವಿನ ಸೊಳ್ಳೆ ಬೆಳೆದೀತು. ಅಂಚಿಗೆ ಬೇವು, ಹೊಂಗೆ ನೆಟ್ಟರೆ ನಾಲ್ಕಾರು ವರ್ಷಗಳಲ್ಲಿ ನೆರಳಾಗುತ್ತದೆ. ನಡೆಯಲಾರದ ಮಗುವಿನ ಗಾಡಿಯೂ ಒಳಗೆ ಬರುವಂತೆ ಬಾಗಿಲ ಬಳಿ ಮೆಟ್ಟಿಲಿಗೆ ಬದಲಾಗಿ ಇಳಿಜಾರು ಮಾಡಿರಿ.

ಮಗ್ಗದ ಕಾರ್ಮಿಕನಿಗೆ ನೇಯ್ದಷ್ಟೇ ಕೂಲಿ. ಅವನ ಪಾಳಿಯನ್ನು ಕೆಡಿಸಿ ಶ್ರಮದಾನಕ್ಕೆ ಕರೆಯುವುದು ಧರ್ಮವಲ್ಲ. ರಜೆಯ ದಿನದ ಮುಂಜಾನೆ ಎರಡು ಗಂಟೆ ಬಂದರೆ ಸಾಕು. ಸಂಬಳದ ರಜೆಯುಳ್ಳವರು ಅವನ ಪಾಲಿನ ಎರಡು ಬುಟ್ಟಿಯನ್ನು ಹೆಚ್ಚಿಗೆ ಹೊರಲಿ. ಬಯಲು ಸಿದ್ಧವಾದ ಮೇಲೆ ದೊಡ್ಡ ಹುಡುಗರ ಕ್ರಿಕೆಟ್ಟು ಅದನ್ನು ನುಂಗಿಬಿಡುವ ಭಯವೂ ಉಂಟು. ಸಂಜೆಯ ಮೊದಲ ಹೊತ್ತು ಹೆಣ್ಣುಮಕ್ಕಳಿಗೂ ಸಣ್ಣವರಿಗೂ ಮೀಸಲೆಂದು ಮೊದಲ ದಿನವೇ ನಿಯಮ ಮಾಡಬೇಕು. ಸರಪಳಿ, ಕೊಂಡಿ, ಮರಳುಗಳನ್ನು ತಿಂಗಳಿಗೊಮ್ಮೆ ಪರೀಕ್ಷಿಸಿ ದಫ್ತರದಲ್ಲಿ ಬರೆದಿಡಬೇಕು. ಆ ಪಾಳಿ ಮನೆಯಿಂದ ಮನೆಗೆ ತಿರುಗಲಿ.

ಕೊನೆಯದಾಗಿ ಮನಸ್ಸಿಗೆ ಹತ್ತಿರವಾದ ಮಾತೊಂದಿದೆ. ಮರಾಠಿಯ ನಡುವೆ ಕನ್ನಡ ಶಾಲೆಯೊಂದನ್ನು ನಡೆಸುವುದು ಎಷ್ಟು ಕಷ್ಟವೆಂಬುದು ಈ ಸಭೆಗೆ ಗೊತ್ತು. ಮಕ್ಕಳ ಸಂಖ್ಯೆ ಒಂದೆರಡು ಕಡಿಮೆಯಾದರೂ ಗುರುಗಳಿಗೆ ನಿದ್ದೆ ಬಾರದು. ಶಾಲೆ ಕನ್ನಡ ಮಕ್ಕಳದಾಗಿರಬಹುದು. ಶಾಲೆಯ ಬಯಲು ಮಾತ್ರ ಓಣಿಯ ಎಲ್ಲರದೂ ಆಗಲಿ. ಶಾಲೆ ಬಿಟ್ಟೊಡನೆ ಅದರ ಬಾಗಿಲಿಗೆ ಬೀಗ ಬೀಳದಿರಲಿ. ಖೊ ಎಂಬ ಕೂಗು ಯಾವ ಭಾಷೆಯದೆಂದು ಯಾವ ಮಗುವೂ ಕೇಳುವುದಿಲ್ಲ. ನಮ್ಮ ಮಗು ನೆರೆಯ ಮಗುವಿನಿಂದ ಮರಾಠಿಯನ್ನು ಕಲಿಯುತ್ತದೆ. ನೆರೆಯ ಮಗು ನಮ್ಮದರಿಂದ ಎಣಿಕೆಯಲ್ಲಿ ಒಂದು, ಎರಡು, ಮೂರನ್ನು ಕಲಿಯುತ್ತದೆ. ಆ ಬಯಲಿನಲ್ಲಿ ಮಣ್ಣು ಹೊತ್ತ ಮರಾಠಿ ತಂದೆಯು, ನಾಳೆ ನಮ್ಮ ಶಾಲೆಗೆ ಸಂಕಟ ಬಂದಾಗ, ಅದು ಪರರ ಶಾಲೆಯೆಂದು ಮುಖ ತಿರುಗಿಸಲಾರನೆಂದು ನಾವು ದೃಢವಾಗಿ ನಂಬುತ್ತೇವೆ.

ಆದುದರಿಂದ ಬಂಧುಗಳೇ, ಮೂರೂ ಊರುಗಳವರು ಬರುವ ಬೇಸಗೆಗೆ ಒಂದೊಂದೇ ಜಾಗವನ್ನು ಗೊತ್ತುಪಡಿಸಿಕೊಳ್ಳಿರಿ. ದೊಡ್ಡದೇ ಆಗಬೇಕೆಂದಿಲ್ಲ, ಖೊಖೊದ ಎರಡು ಕಂಬ, ಒಂದು ಜೋಕಾಲಿ, ಒಂದು ಮರಳಿನ ಹೊಂಡ ಹಿಡಿಸಿದರೆ ಸಾಕು. ಏನು ಬೇಕೆಂದು ಮೊದಲು ಮಕ್ಕಳನ್ನು ಕೇಳಿರಿ. ಅನುಮತಿಯ ಕಾಗದ ಕೈಸೇರಿದ ದಿನವೇ ನಮಗೆ ತಿಳಿಸಿರಿ. ಮಿರಗದ ಮೊದಲ ಮಳೆ ಆ ಗರಸಿನ ಮೇಲೆ ಬಿದ್ದು, ನಿಲ್ಲದೆ ಹರಿದು ಹೋಗುವುದನ್ನು ಎಲ್ಲರೂ ಕೂಡಿ ನೋಡುವಂತಾಗಲಿ ಎಂದು ಹಾರೈಸುತ್ತೇವೆ.