ಗೋಡೆಯ ತೇವ: ಮೂಲವೆಲ್ಲಿ, ಮದ್ದೇನು?



ಮಳೆಗಾಲ ಮುಗಿದೊಡನೆ ನಮ್ಮ ಕರಾವಳಿಯ ಅನೇಕ ಹಳೆಯ ಮನೆಗಳಲ್ಲಿ ಒಂದೇ ದೃಶ್ಯ. ಹೊರಗೋಡೆಯ ಗಾರೆ ಉಬ್ಬಿ ಉದುರಿರುತ್ತದೆ. ಒಳಗೆ ಬಣ್ಣ ಸುಲಿದು, ಗೋಡೆಯ ಬುಡದಲ್ಲಿ ಬಿಳಿಯ ಪುಡಿ ಕಾಣಿಸಿಕೊಂಡಿರುತ್ತದೆ. ಗಾರೆಯವರನ್ನು ಕರೆಸಿ, ಉದುರಿದಲ್ಲಿ ಸಿಮೆಂಟ್ ಮೆತ್ತಿಸಿ, ಬಣ್ಣ ಬಳಿಸುತ್ತೇವೆ. ಒಂದೆರಡು ಮಳೆಗಾಲ ಕಳೆಯುವಷ್ಟರಲ್ಲಿ ಅದೇ ಜಾಗ ಮತ್ತೆ ಉಬ್ಬುತ್ತದೆ. ನಷ್ಟವಾಗುವುದು ಹಣ ಮಾತ್ರವಲ್ಲ. ತೇವದಲ್ಲಿ ಬೆಳೆಯುವ ಬೂಷ್ಟು ಉಬ್ಬಸದವರನ್ನು ಕಾಡುತ್ತದೆ. ಒದ್ದೆಯಾದ ಸ್ವಿಚ್ ಬೋರ್ಡು ಜೀವಕ್ಕೇ ಅಪಾಯಕಾರಿ. ಹಾಗಾದರೆ ನಾವು ತಪ್ಪುವುದೆಲ್ಲಿ? ನೀರು ಎಲ್ಲಿಂದ ಬಂತೆಂದು ಕೇಳದೆ ಗಾರೆ ಬಳಿಯುವುದರಲ್ಲಿ.

ಒಂದು ಸಣ್ಣ ಪ್ರಯೋಗ ಮಾಡಿ. ತಟ್ಟೆಯಲ್ಲಿ ಬೆರಳು ದಪ್ಪ ನೀರು ಹಾಕಿ, ಒಣ ಇಟ್ಟಿಗೆಯೊಂದನ್ನು ನಿಲ್ಲಿಸಿ. ನೀರು ತಾನಾಗಿಯೇ ಇಟ್ಟಿಗೆಯೊಳಗೆ ಮೇಲೇರುವುದು ಕಾಣುತ್ತದೆ. ಇದೇ ಕೇಶಾಕರ್ಷಣೆ. ಪಾಯದ ಮೇಲೆ ತೇವ ತಡೆಯುವ ಪದರವಿಲ್ಲದ ಗೋಡೆ ನೆಲದ ನೀರನ್ನು ಹೀಗೆಯೇ ಹೀರುತ್ತದೆ. ನೀರಿನೊಡನೆ ಲವಣವೂ ಏರುತ್ತದೆ. ನೀರು ಆರಿದಾಗ ಲವಣ ಹರಳುಗಟ್ಟಿ ಗಾರೆಯನ್ನು ಒಳಗಿನಿಂದಲೇ ಒಡೆಯುತ್ತದೆ. ಬಿಳಿಯ ಪುಡಿ ಅದರದೇ ಗುರುತು.

ನೀರಿಗೆ ಬೇರೆ ದಾರಿಗಳೂ ಉಂಟು: ಒಡೆದ ಹೆಂಚು, ಸೋರುವ ಕೊಳವೆ, ಗಾರೆಯ ಬಿರುಕು, ಗೋಡೆಗೆ ಒತ್ತಿ ಪೇರಿಸಿದ ಮಣ್ಣು. ಒಳಗಿನ ತೇವ ಗೋಡೆಯದೋ ಗಾಳಿಯದೋ ಎಂಬ ಅನುಮಾನವಿದ್ದರೆ, ಪ್ಲಾಸ್ಟಿಕ್ ಹಾಳೆಯೊಂದನ್ನು ಗೋಡೆಗೆ ಅಂಚುಬಿಡದೆ ಅಂಟಿಸಿ, ಎರಡು ದಿನ ಬಿಡಿ. ಹಾಳೆಯ ಹಿಂದೆ ಹನಿಗೂಡಿದರೆ ತೇವ ಗೋಡೆಯದು; ಕೋಣೆಯ ಕಡೆಯ ಮುಖದಲ್ಲಿ ಹನಿಗೂಡಿದರೆ ಗಾಳಿಯದು.

ಇನ್ನು ಹಳೆಯ ಮನೆಗಳ ಕಲ್ಲಿನ ವಿಚಾರ. ಕರಾವಳಿಯ ಮುರಕಲ್ಲಿಗೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟವನು ಫ್ರಾನ್ಸಿಸ್ ಬುಕಾನನ್. ಮೈಸೂರು, ಕೆನರಾ, ಮಲಬಾರುಗಳ ಪ್ರವಾಸದ ಬಗ್ಗೆ ಬರೆದು 1807ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ‘ಲೇಟರ್’ ಎಂದರೆ ಇಟ್ಟಿಗೆ. ಇದು ರಂಧ್ರಗಳಿಂದ ತುಂಬಿದ ಕಲ್ಲು. ಸುಣ್ಣದ ಗಾರೆಯೂ ರಂಧ್ರಮಯವೇ. ಆದ್ದರಿಂದ ಮಳೆಯಲ್ಲಿ ನೆನೆದ ಗೋಡೆ ಬಿಸಿಲಿನಲ್ಲಿ ಆರುತ್ತಿತ್ತು. ಅದರ ಮೇಲೆ ಗಟ್ಟಿ ಸಿಮೆಂಟ್ ಬಳಿದರೆ ಬಿರುಕಿನಲ್ಲಿ ಇಳಿದ ನೀರು ಹೊರಬರಲಾರದೆ ಒಳಮುಖಕ್ಕೆ ತಿರುಗುತ್ತದೆ. ಸಿಮೆಂಟ್ ಕೆಟ್ಟದ್ದೆಂದಲ್ಲ, ಆ ಗೋಡೆಗೆ ಅದು ಒಗ್ಗುವುದಿಲ್ಲ.

ದುರಸ್ತಿಯ ಕ್ರಮ ಹೀಗಿರಲಿ. ಮೊದಲು ನೀರಿನ ದಾರಿ ಮುಚ್ಚಿ: ಹೆಂಚು ಬದಲಿಸಿ, ಕೊಳವೆ ಸರಿಪಡಿಸಿ, ಗೋಡೆಗೆ ತಾಗಿದ ಮಣ್ಣು ತೆಗೆದು ಅಂಗಳಕ್ಕೆ ಇಳಿಜಾರು ಕೊಡಿ. ಆಮೇಲೆ ಮರದ ಕೊಡತಿಯಿಂದ ಗಾರೆಯನ್ನು ಮೆಲ್ಲಗೆ ತಟ್ಟಿ. ಟೊಳ್ಳು ಸದ್ದು ಬಂದಲ್ಲೆಲ್ಲ ಗಾರೆ ಗೋಡೆಯನ್ನು ಬಿಟ್ಟಿದೆಯೆಂದು ತಿಳಿದು ಕೆತ್ತಿಸಿ. ಕೆತ್ತುವ ಮುನ್ನ ಆ ಗೋಡೆಯ ವಿದ್ಯುತ್ತನ್ನು ಮೇನ್ ಸ್ವಿಚ್ಚಿನಲ್ಲೇ ಆರಿಸಬೇಕು. ಲವಣವನ್ನು ಒಣ ಕುಂಚದಿಂದ ಗುಡಿಸಿ ತೆಗೆಯಿರಿ. ತೊಳೆದರೆ ಅದು ಕರಗಿ ಮತ್ತೆ ಒಳಸೇರುತ್ತದೆ. ಬಳಿಕ ಗೋಡೆಯನ್ನು ಆರಲು ಬಿಡಿ. ಈ ಕೆಲಸಕ್ಕೆ ಡಿಸೆಂಬರಿನಿಂದ ಏಪ್ರಿಲ್‌ವರೆಗಿನ ಕಾಲ ಅನುಕೂಲ.

ಹಳೆಯ ಮುರಕಲ್ಲಿನ ಗೋಡೆಗೆ ಒಂದು ಪಾಲು ಸುಣ್ಣಕ್ಕೆ ಮೂರು ಪಾಲು ಮರಳಿನ ಗಾರೆ, ಮೇಲೆ ಸುಣ್ಣದ ಬಣ್ಣ ಸಾಕು. ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವುದರಿಂದ ಅವಸರ ಸಲ್ಲದು. ಈಗಿನ ಸಿಮೆಂಟ್ ಕಟ್ಟಡದ ಇಟ್ಟಿಗೆ ಗೋಡೆಗಾದರೆ ಒಂದಕ್ಕೆ ಆರರ ಸಿಮೆಂಟ್ ಗಾರೆ ಆದೀತು; ಏಳು ದಿನವಾದರೂ ನೀರುಣಿಸಬೇಕು.

ಈ ರಜೆಯಲ್ಲಿ ನಿಮ್ಮ ಮನೆಯ ಗೋಡೆಗಳನ್ನು ಒಮ್ಮೆ ಸುತ್ತಿ ನೋಡಿ. ತೇವ ಎಲ್ಲಿದೆ, ಎಷ್ಟು ಎತ್ತರಕ್ಕೆ ಏರಿದೆ, ಮಳೆ ನಿಂತ ಮೇಲೂ ಉಳಿಯುತ್ತದೆಯೇ ಎಂದು ಗುರುತು ಹಾಕಿಕೊಳ್ಳಿ. ಗಾರೆಯವರು ಬಂದಾಗ ಆ ಟಿಪ್ಪಣಿಯನ್ನು ಹಿರಿಯರ ಕೈಗೆ ಕೊಡಿ. ಭೌತಶಾಸ್ತ್ರದ ಒಂದು ಪಾಠ ನಿಮ್ಮ ಮನೆಯ ಖರ್ಚನ್ನು ಉಳಿಸೀತು.